ಅಡ್ಡ ಚಾಚಿದ ಕಾಲು

ಕ್ಷಮಿಸಿದವರು ದೊಡ್ಡವರು ಅನ್ನುತ್ತಾರೆ. ಇರಲಿ, ನನಗೆ ಅಷ್ಟು ದೊಡ್ಡವಳಾಗುವ ಆಸೆಯಿಲ್ಲ. ಹೊಸಪೇಟೆಯ ಆ ಅಧಿಕಾರಿಯ ಮೇಲಿನ ಸಿಟ್ಟನ್ನು ನಾನು ಇವತ್ತಿಗೂ ಆರಲು ಬಿಟ್ಟಿಲ್ಲ.

ನಮ್ಮ ಸಂಡೂರಿನ ಗುಡ್ಡಗಳನ್ನು ಅದಿರಿಗಾಗಿ ಹಗಲೂ ರಾತ್ರಿ ಅಗೆದು ಸಾಗಿಸುತ್ತಿದ್ದ ಕಾಲ ಅದು. ನನ್ನ ಅಕ್ಕನಿಗೆ ಚಿಕ್ಕಂದಿನಿಂದಲೂ ಎರಡು ಕಾಲಿನಲ್ಲೂ ಶಕ್ತಿಯಿಲ್ಲ. ಅವ್ವ ತೀರಿಕೊಂಡ ಮೇಲೆ ಅವಳನ್ನು ನೋಡಿಕೊಂಡವಳು ನಾನೇ. ಅಂಗವಿಕಲರ ಮಾಸಾಶನಕ್ಕೆ ಹೊಸ ನಿಯಮ ತರುತ್ತಾರೆಂದು ಸುದ್ದಿಯಾಯಿತು: ಪ್ರತಿ ತಿಂಗಳೂ ಹೊಸಪೇಟೆಗೆ ಖುದ್ದಾಗಿ ಬಂದು ಮುಖ ತೋರಿಸಬೇಕು, ಬಾರದವರ ಮಾಸಾಶನ ನಿಲ್ಲುತ್ತದೆ. ಅದಿರು ಲಾರಿಗಳ ನಡುವೆ, ಅವು ಎಬ್ಬಿಸುವ ಕೆಂಧೂಳಿನಲ್ಲಿ ಬಸ್ಸು ತೆವಳುತ್ತಿತ್ತು. ಒಮ್ಮೆ ಹೋಗಿ ಬಂದರೆ ಅಕ್ಕ ವಾರಗಟ್ಟಲೆ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿಯುತ್ತಿದ್ದಳು. ತಿಂಗಳು ತಿಂಗಳು ಹೋದರೆ ಅವಳು ಉಳಿಯುವುದಿಲ್ಲ, ಹೋಗದಿದ್ದರೆ ಮಾಸಾಶನ ಉಳಿಯುವುದಿಲ್ಲ.

ನಿಯಮ ಮಾಡುವ ಮೊದಲು ಫಲಾನುಭವಿಗಳ ಅಭಿಪ್ರಾಯ ಕೇಳುತ್ತಾರಂತೆ ಎಂದು ಹೊಸಪೇಟೆಯ ಕಚೇರಿಗೆ ಹೋದೆವು. ಸಭೆ ಇಟ್ಟದ್ದು ಎಲ್ಲಿ? ಮಹಡಿಯ ಮೇಲೆ. ಅಕ್ಕನನ್ನು ಹೊತ್ತು ಮೆಟ್ಟಿಲ ಬುಡಕ್ಕೆ ಬಂದರೆ ಅಧಿಕಾರಿ ಅವಳತ್ತ ನೋಡದೆ ನನಗೆ ಹೇಳಿದ: "ಇವ್ರನ್ನ ಕೆಳಗ ಕುಂದ್ರಸ್ರಿ. ಇವ್ರ ಪರವಾಗಿ ನಾವ ಮಾತಾಡ್ತೀವಿ."

"ಹಂಗಾರ ನಾ ಬರ್ತೀನ್ರಿ," ಎಂದೆ.

"ನೀವು ಫಲಾನುಭವಿ ಅಲ್ಲಲ್ಲ."

ಆತ ಮೇಲೆ ಹೋದ. ಹಿಂದೆಯೇ ಚಹಾದ ಕೆಟಲ್‌ಗಳು ಹೋದವು. ಕೆಳಗೆ ನಮ್ಮ ಜೊತೆ ಕಂಪ್ಲಿಯಿಂದ ಊರುಗೋಲಿನಲ್ಲಿ ಬಂದಿದ್ದ ಅಜ್ಜ, ಮಲಪನಗುಡಿಯಿಂದ ಬೆಳೆದ ಮಗನನ್ನು ಬೆನ್ನ ಮೇಲೆ ಹೊತ್ತು ತಂದಿದ್ದ ತಾಯಿ, ಇನ್ನೂ ಹಲವರು ಉಳಿದರು. ಬಹಳ ಹೊತ್ತಿನ ಮೇಲೆ ಅಕ್ಕ ಅಂದಳು: "ನನ್ನ ಮೆಟ್ಲ ಮ್ಯಾಲ ಕುಂದ್ರಸು. ಕಾಲು ಅಡ್ಡ ಹಾಕು."

ನಮ್ಮ ಕಡೆ ಕೂತವರ ಕಾಲನ್ನು ಯಾರೂ ದಾಟುವುದಿಲ್ಲ. ದಾಟಿದರೆ ಪಾಪ; ಮರೆತು ದಾಟಿದ ಮಕ್ಕಳನ್ನು ಹಿರಿಯರು ಬೈದು ವಾಪಸ್ ದಾಟಿಸುತ್ತಾರೆ. ನಾನು ಅಕ್ಕನ ಕಾಲುಗಳನ್ನು ಗೋಡೆಯವರೆಗೆ ಚಾಚಿದೆ. ಉಳಿದವರೂ ಕೆಳಗಿನ ಮೆಟ್ಟಿಲುಗಳನ್ನು ತುಂಬಿಕೊಂಡರು.

ಸಭೆ ಮುಗಿಸಿ ಅಧಿಕಾರಿ ದಡಬಡನೆ ಇಳಿದು ಬಂದ. ಪಾಯಿಖಾನೆ ಕೆಳಗಿತ್ತು.

"ಸರೀರಿ, ಜಲ್ದಿ."

"ಸರಿಯಾಕ ಆಗಂಗಿಲ್ರಿ. ದಾಟಿ ಹೋಗ್ರಿ," ಅಂದಳು ಅಕ್ಕ.

ಆತ ಕಾಲೆತ್ತಿದ. "ಬ್ಯಾಡ್ರಿ ಸಾಹೇಬ್ರ, ದಾಟಬಾರ್ದು," ಎಂದ ಹಿಂದಿದ್ದ ಜವಾನ. ಎತ್ತಿದ ಕಾಲು ಇಳಿಯಿತು. ಇವಳನ್ನು ಎತ್ತಿಕೊಳ್ಳಿ ಎಂದು ನನ್ನ ಕಡೆ ತಿರುಗಿದ.

"ನಾನು ಫಲಾನುಭವಿ ಅಲ್ಲಲ್ರಿ," ಎಂದೆ. ಆಹಾ, ಎಂಥ ಸುಖ! ಮಾಡಿದ್ದುಣ್ಣೋ ಮಹಾರಾಯ.

ಆಗ ಆತ ಮೊದಲ ಬಾರಿಗೆ ಅಕ್ಕನ ಮುಖ ನೋಡಿದ. "ಏನ್ ಬೇಕು ಹೇಳ್ರಿ."

"ನಿಮಗ ಒಂದು ಗಳಿಗಿ ತಡಿಯಾಕ ಆಗವಲ್ದು. ಇಲ್ಲಿಗೆ ಬರೂದೈತಿ ಅಂತ ನಾ ನಿನ್ನೆ ಸಂಜಿಂದ ನೀರು ಮುಟ್ಟಿಲ್ಲ. ನಡಿಯಾಕ ಆಗದವ್ರ ಮನಿಗೆ ನೀವ ಬರ್ರಿ. ಹಂಗಂತ ಬರಸ್ರಿ."

ಗುಮಾಸ್ತನನ್ನು ಕೂಗಿ, ಕಾಲು ಬಿಗಿಹಿಡಿದು ನಿಂತು ಬರೆಸಿದ. ಆ ಸಾಲು ಮುಂದೆ ನಿಯಮದಲ್ಲಿ ಉಳಿಯಿತು, ಅಕ್ಕನೂ ಉಳಿದಳು.

ಬರೆದದ್ದಾಯಿತಲ್ಲ ಎಂದು ನಾನು ಅವಳನ್ನು ಎತ್ತಲು ಬಗ್ಗಿದೆ. ಅಕ್ಕ ನನ್ನ ಕೈ ಸರಿಸಿದಳು. "ತಡಿ, ಅಜ್ಜಂದು ಇನ್ನೂ ಕೇಳಿಲ್ಲ."

ಕಂಪ್ಲಿಯ ಅಜ್ಜ ಊರುಗೋಲನ್ನು ಪಕ್ಕಕ್ಕಿಟ್ಟು, ಗಂಟಲು ಸರಿಮಾಡಿಕೊಂಡು, ತಾನು ಹುಟ್ಟಿದಲ್ಲಿಂದ ಶುರು ಮಾಡಿದ.