ಬೆಳೆಯುವ ಮುನ್ನ ಕಿತ್ತದ್ದು

ನನಗೆ ಕ್ಯಾನ್ಸರ್ ಬಂದಿರಲಿಲ್ಲ. ಬರುವ ದಾರಿಯಲ್ಲಿತ್ತು. ಡಾಕ್ಟರಮ್ಮ ಅಷ್ಟರಲ್ಲೇ ಕತ್ತರಿಸಿ ತೆಗೆದರು. ನಡೆದದ್ದು ಇಷ್ಟೇ.

ಆದರೆ ನಮ್ಮ ರಾಜಗೋಪಾಲನಗರದಲ್ಲಿ "ಇಷ್ಟೇ" ಅಂದರೆ ಯಾರು ಕೇಳುತ್ತಾರೆ? ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅರ್ಧ ಬೀದಿ ನನ್ನನ್ನು ಮಣ್ಣು ಮಾಡಿ ಕೈ ತೊಳೆದುಕೊಂಡಿತ್ತು. ("ಪಾಪ, ಒಳ್ಳೆಯವಳು" ಅಂದರಂತೆ. ಗಟ್ಟಿಯಾಗಿ ಓಡಾಡುವಾಗ ಒಬ್ಬರೂ ಅಂದಿರಲಿಲ್ಲ!)

ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದೆ. ಪಕ್ಕೆಲುಬು ಮುರಿದಿದೆಯೇನೋ ಎಂದು ಸ್ಕ್ಯಾನ್ ಮಾಡಿಸಿದರು. ಮೂಳೆ ಗಟ್ಟಿಯಾಗಿತ್ತು. ಶ್ವಾಸಕೋಶದಲ್ಲಿ ಮಾತ್ರ ಒಂದು ಮಸುಕು ಚುಕ್ಕೆ. ನಾನು ಬೀಡಿ ಸೇದಿದವಳಲ್ಲ. ಕೆಮ್ಮಿಲ್ಲ, ನೋವಿಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದರೆ ಚುಕ್ಕೆ ದಪ್ಪವಾಗಿತ್ತು. ಆಪರೇಷನ್ ಅಂದರು.

ಓರಗಿತ್ತಿ ಜಯಮ್ಮ ಓಡಿ ಬಂದಳು. "ಅಕ್ಕಾ, ಕತ್ತಿ ಮುಟ್ಟಿಸ್ಬೇಡ ಕಣಕ್ಕಾ. ಒಳಗಡೆ ಗಾಳಿ ತಾಗುದ್ರೆ ಮೈಯೆಲ್ಲಾ ಅರಡ್ಕೊಂಡ್ಬಿಡ್ತದೆ!"

ನನಗೂ ಹೆದರಿಕೆಯಾಯಿತು. ನೋವೇ ಇಲ್ಲದ ಎದೆಯನ್ನು ಯಾರಾದರೂ ಕೊಯ್ಯಿಸಿಕೊಳ್ಳುತ್ತಾರೆಯೇ? ಬೇಡ ಎಂದು ಹೇಳಿ ಬರಲೆಂದೇ ಹೋದೆ.

ಡಾಕ್ಟರಮ್ಮ ಸಣ್ಣ ವಯಸ್ಸಿನ ಹುಡುಗಿ. "ಅಜ್ಜಿ, ಎಲ್ಲಾ ಚುಕ್ಕೇನೂ ನಾವು ಕೊಯ್ಯಲ್ಲ. ಅದು ಸುಮ್ನಿದ್ರೆ ನಾವೂ ಸುಮ್ನಿರ್ತೀವಿ. ನಿಮ್ದು ಬೆಳೀತಾ ಇದೆ. ಈಗ ಆದ್ರೆ ಸಣ್ಣ ತೂತು, ಸಣ್ಣ ತುಂಡು. ಬಿಟ್ರೆ ಮುಂದಕ್ಕೆ ಏನಾಗುತ್ತೋ ಹೇಳಕ್ಕಾಗಲ್ಲ."

"ಗಾಳಿ ತಾಗುದ್ರೆ ಅರಡಲ್ವಾ?"

"ಅಜ್ಜೀ, ಶ್ವಾಸಕೋಶದೊಳಗೆ ಇರೋದೇ ಗಾಳಿ!"

ಪೆನ್ನು ಇಸಿದುಕೊಂಡು ಸಹಿ ಹಾಕಿದೆ.

ಆಪರೇಷನ್ ಆಗಿ, ಮೊನ್ನೆ ತೋರಿಸಿಕೊಂಡು ಬರಲು ಹೋದಾಗ ರಿಪೋರ್ಟ್ ಓದಿ ಹೇಳಿದರು: ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗುತ್ತಿತ್ತೇನೋ, ಪೂರ್ತಿ ತೆಗೆದಾಗಿದೆ. ನಾನು ಯಾರ ಮುಂದೆಯೂ ಅಳುವವಳಲ್ಲ. ಆ ಹುಡುಗಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ಮನೆಗೆ ಬಂದು ಆ ಜಾರುವ ಬಚ್ಚಲಿಗೂ ಕೈ ಮುಗಿದೆ. (ಅದನ್ನು ಬ್ರಷ್ ಹಾಕಿ ಉಜ್ಜಿಸಿದ್ದು ಬೇರೆ ಮಾತು.)

ಸಂಜೆ ಮಹಡಿ ಮೇಲಿನ ಬಾಡಿಗೆಯ ರೇಣವ್ವ ಬಂದಳು. ಗದಗದ ಕಡೆಯವಳು, ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ನಾನು ಮಲಗಿದ್ದಷ್ಟು ದಿನವೂ ಗಂಜಿ ಕಾಯಿಸಿ ತಂದುಕೊಟ್ಟವಳು. ವಿಷಯ ಕೇಳಿ ಕುಣಿದಾಡಿದಳು. ಆಮೇಲೆ ನಕ್ಕಳು.

"ಅಮ್ಮಾರ, ನಿಮ್ಮ ಎದಿ ರಿಪೇರಿ ಆತು. ನನ್ನ ಖೋಲಿ ಗ್ವಾಡಿ ಯಾವಾಗ್ರೀ?"

ತಾರಸಿಯ ಗೋಡೆಯಲ್ಲಿ ಒಂದು ಅರಳಿ ಸಸಿ ಮೊಳೆತು, ಬೇರು ಬಿಟ್ಟು, ಗೋಡೆ ಸೀಳಿತ್ತು. ಆ ಬಿರುಕಿನಿಂದ ಅವಳ ರೂಮಿಗೆ ನೀರು ಇಳಿಯುತ್ತಿತ್ತು. ಕೀಳುವುದಕ್ಕೆ ನಮಗ್ಯಾರಿಗೂ ಧೈರ್ಯವಿಲ್ಲ. ಅರಳಿ ಅಂದರೆ ದೇವರು. ಜಯಮ್ಮ ಶನಿವಾರ ಶನಿವಾರ ಅದಕ್ಕೆ ಕುಂಕುಮ ಬೇರೆ ಹಚ್ಚುತ್ತಾಳೆ. ಇನ್ನೂ ಸಣ್ಣದು, ಏನು ಮಾಡೀತು ಎಂದು ನಾನೂ ಬಿಟ್ಟಿದ್ದೆ.

ಮಾರನೆಯ ಬೆಳಿಗ್ಗೆಯೇ ಮೇಸ್ತ್ರಿಯನ್ನು ಕರೆಸಿದೆ. ಜಯಮ್ಮ ಬಾಯಿ ಬಡಿದುಕೊಳ್ಳುತ್ತಿರುವಂತೆಯೇ ಅರಳಿಗೆ ಕೈ ಮುಗಿದು, ಬೇರು ಸಮೇತ ಬಿಡಿಸಿ, ಬಿರುಕು ಮುಚ್ಚಿಸಿ, ಕೆರೆ ಏರಿಯ ಮೇಲೆ ನೆಡಿಸಿ ಬಂದೆ. ಅಲ್ಲಿ ಎಷ್ಟು ಬೇಕಾದರೂ ಬೆಳೆಯಲಿ, ಯಾರು ಬೇಡ ಅಂದರು?