ಹಮೀದಾಬೇಗಂ ಕೂರುವ ಮೇಜು

ಚಿತ್ತಾಪುರದ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಾಗ ನನ್ನ ಮಗಳು ದಾನೇಶ್ವರಿಗೆ ಒಂಬತ್ತು ತಿಂಗಳು. ಸೋಮವಾರ ಬಂದು ಸೇರದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ ಎಂದು ಹೆಡ್‌ಮಾಸ್ತರರು ಫೋನಿನಲ್ಲೇ ಹೇಳಿಬಿಟ್ಟಿದ್ದರು. ಅತ್ತೆ ನೀಲಾಬಾಯಿ ನಾದಿನಿಯ ಬಾಣಂತನಕ್ಕೆಂದು ಚಿಂಚೋಳಿಗೆ ಹೋಗಿದ್ದರು. ಗಂಡ ಶರಣಕುಮಾರನಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸ. ವಾಡಿಯ ನಮ್ಮ ಓಣಿಯಲ್ಲಿ ಮಗುವನ್ನು ಬಿಟ್ಟು ಹೋಗಬಹುದಾದ ಮನೆ ಒಂದೇ ಒಂದು, ಎದುರಿನದು. ಆ ಮನೆಯ ಹಮೀದಾಬೇಗಂ ಮೊಬೈಲಿನಲ್ಲಿ ಇಸ್ಪೀಟು ಆಡುತ್ತಿದ್ದರು.

ನಾನು ಓದಿದ್ದು ಮೈಸೂರಿನ ಹಾಸ್ಟೆಲಿನಲ್ಲಿ. ಮಗುವಿಗೆ ಎರಡು ಸಲ ಸೀನು ಬಂದರೆ ಪುಸ್ತಕ ತೆರೆದು ನೋಡುವವಳು. ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದಮೇಲೆ ನನಗೆ ನಿದ್ದೆ ಎಲ್ಲಿಂದ ಬರಬೇಕು?

ಹಮೀದಾಚಾಚಿ ಮೂವತ್ತು ವರ್ಷ ಬಳೆ ಮಾರಿದವರು. ಬಳೆ ಸರಗಳ ಮಲಾರ ಹೆಗಲಿಗೇರಿಸಿಕೊಂಡು ಸೇಡಂ, ಕಾಳಗಿ, ಚಿಮ್ಮನಚೋಡ ಎಂದು ಊರೂರು ತಿರುಗಿದವರು. ಮಂಡಿ ಹಿಡಿದುಕೊಂಡ ಮೇಲೆ ತಿರುಗಾಟ ನಿಂತಿತು. ಶಹಾಬಾದಿನಲ್ಲಿ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕೆಲಸ ಮಾಡುವ ಮಗ ತೌಹೀದ ತನ್ನ ಹಳೆಯ ಮೊಬೈಲಿಗೆ ಪೋಕರ್ ಆಟ ಹಾಕಿ ಅಮ್ಮನ ಕೈಗೆ ಕೊಟ್ಟ. ದುಡ್ಡಿನ ಆಟಕ್ಕೆ ಕಾನೂನು ಬಂದು ಬಾಗಿಲು ಹಾಕಿಯಾಗಿತ್ತು. ಇದು ಬರೀ ಬಣ್ಣದ ಬಿಲ್ಲೆಗಳ ಆಟ, ಗೆದ್ದರೂ ಬಿಲ್ಲೆ, ಸೋತರೂ ಬಿಲ್ಲೆ. ದುಡ್ಡು ಇದ್ದಿದ್ದರೆ ಹರಾಮ್, ಮೊಬೈಲನ್ನು ಮುಟ್ಟುತ್ತಲೂ ಇರಲಿಲ್ಲ ಎಂದು ಚಾಚಿ ನನಗೆ ಎರಡು ಸಲ ಹೇಳಿದರು.

ಆಟಕ್ಕಿಂತ ಆಟ ಶುರುವಾಗುವ ಮುಂಚಿನದೇ ಅವರಿಗೆ ಇಷ್ಟ. ಮೊಬೈಲಿನಲ್ಲಿ ಹತ್ತಿಪ್ಪತ್ತು ಮೇಜುಗಳ ಪಟ್ಟಿ ಬರುತ್ತದೆ. ಎಲ್ಲಿ ಬೇಕಾದರೂ ಹೋಗಿ ಕೂರಬಹುದು, ಕೂರದೆ ನಿಂತು ನೋಡಲೂಬಹುದು. ಚಾಚಿ ನೋಡುತ್ತಿದ್ದರು. ಕೈಯಲ್ಲಿ ಏನೂ ಇಲ್ಲದಿದ್ದರೂ ಪ್ರತಿ ಸಲ ಬಿಲ್ಲೆ ಸುರಿಯುವ ಬಡಾಯಿಕೋರರು ಇಬ್ಬರಾದರೂ ಇರಬೇಕು. ಅಂಥ ಮೇಜು ಒಳ್ಳೆಯದು. ಎಲ್ಲರೂ ಗುಮ್ಮನೆ ಕೂತು ಅರ್ಧ ತಾಸಿಗೊಮ್ಮೆ ಬಾಯಿ ಬಿಡುವವರಿದ್ದರೆ ಅಲ್ಲಿಂದ ಓಡಬೇಕು. ಬಳೆ ಮಾರುವಾಗಲೂ ಹೀಗೇ ಇತ್ತಂತೆ. ಓಣಿಗೆ ಹೋದ ಕೂಡಲೇ ಮಲಾರ ಇಳಿಸುವಂತಿಲ್ಲ. ಕುಡಿಯಲು ನೀರು ಕೇಳಿ, ಯಾವ ಕಟ್ಟೆಯ ಮೇಲೆ ಹೆಂಗಸರು ನಗುತ್ತಿದ್ದಾರೆ, ಯಾವ ಕಟ್ಟೆಯಲ್ಲಿ ಒಬ್ಬಾಕೆ ಎಲ್ಲ ಬಳೆಗೂ ರೇಟು ಕೇಳಿ ಒಂದನ್ನೂ ಕೊಳ್ಳದೆ ಉಳಿದವರ ಮನಸ್ಸನ್ನೂ ಕೆಡಿಸುತ್ತಾಳೆ ಎಂದು ನೋಡಿಕೊಂಡು ಆಮೇಲೆ ಕೂರಬೇಕು.

ಸೋಮವಾರ ಮಗುವನ್ನು ಅವರ ಕೈಗೆ ಕೊಟ್ಟು ಬಸ್ಸಿಗೆ ಹೊರಟೆ. ಮಂಗಳವಾರ, ಬುಧವಾರವೂ ಹೋದೆ. ಮಗು ಚೆನ್ನಾಗೇ ಇತ್ತು. ಆದರೆ ನನ್ನ ತಲೆಯಲ್ಲಿ ಒಂದೇ ಚಿತ್ರ: ಚಾಚಿ ಮೊಬೈಲು ನೋಡುತ್ತಿದ್ದಾರೆ, ಮಗು ಗುಂಡಿಯನ್ನೋ ಬಳೆಯ ಚೂರನ್ನೋ ನುಂಗುತ್ತಿದೆ. ಗುರುವಾರ ಬಿಡುವಿನ ಪಿರಿಯಡ್‌ನಲ್ಲಿ ನಾನೂ ಅದೇ ಆಟವನ್ನು ಮೊಬೈಲಿಗೆ ಇಳಿಸಿಕೊಂಡೆ. ಆಟದಲ್ಲಿ ಚಾಚಿ ಇಟ್ಟುಕೊಂಡಿದ್ದ ಹೆಸರು ನನಗೆ ಗೊತ್ತಿತ್ತು, ‘ಹಸಿರುಬಳಿ’. ಹುಡುಕಿದೆ. ಏಳನೇ ಮೇಜಿನಲ್ಲಿ ಕೂತಿದ್ದರು.

ಖಾಲಿ ಕುರ್ಚಿ ಕಂಡಿತು, ಒತ್ತಿದೆ, ನಾನೂ ಕೂತೆ. ನನಗೆ ಆಟ ಬರುವುದಿಲ್ಲ. ಎಲೆ ಬಂದಾಗಲೆಲ್ಲ ಚೆಲ್ಲಿದೆ, ಚಾಚಿಯ ಕುರ್ಚಿಯನ್ನೇ ನೋಡುತ್ತಾ ಕೂತೆ. ಅವರು ಆರಾಮಾಗಿ ಆಡುತ್ತಿದ್ದರು. ಹಾಗಾದರೆ ಮಗು ಎಲ್ಲಿ? ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಅವರು ಇದ್ದಬದ್ದ ಬಿಲ್ಲೆಯ ಅರ್ಧವನ್ನು ಮುಂದೆ ತಳ್ಳಿದರು. ಮತ್ತೆ ಅವರ ಸರದಿ ಬಂತು. ಕುರ್ಚಿಯ ಸುತ್ತ ಗಡಿಯಾರದ ಗೆರೆ ಓಡತೊಡಗಿತು. ಅವರು ಆಡಲಿಲ್ಲ. ಗೆರೆ ಮುಗಿಯಿತು, ಅವರ ಎಲೆಗಳು ಹೋದವು, ಬಿಲ್ಲೆಗಳೂ ಹೋದವು, ಕುರ್ಚಿ ಖಾಲಿಯಾಯಿತು.

ಅವರು ಆಡುತ್ತಿದ್ದಾಗ ಸಿಟ್ಟು ಬಂದಿದ್ದವಳಿಗೆ ಈಗ ಜೀವವೇ ಹೋಯಿತು. ಅಷ್ಟು ಬಿಲ್ಲೆ ಬಿಟ್ಟು ಎದ್ದಿದ್ದಾರೆ ಎಂದರೆ ಮಗುವಿಗೆ ಏನೋ ಆಗಿದೆ! ಫೋನ್ ಮಾಡಿದೆ, ಎತ್ತಲಿಲ್ಲ. ಶಾಲೆಯಲ್ಲಿ ತಲೆನೋವು ಎಂದು ಹೇಳಿ, ಸಿಕ್ಕ ಟಂಟಂ ಆಟೋ ಹತ್ತಿ, ದಾರಿಯುದ್ದಕ್ಕೂ ಬಸವಣ್ಣನನ್ನೂ ಡ್ರೈವರನನ್ನೂ ಬೇಡಿಕೊಳ್ಳುತ್ತಾ ವಾಡಿಗೆ ಬಂದಿಳಿದೆ.

ದಾನು ಚಾಚಿಯ ತೊಡೆಯ ಮೇಲೆ ಕೂತು ಹೆಸರುಬೇಳೆಯ ಮೆತ್ತನೆಯ ಅನ್ನ ತಿನ್ನುತ್ತಿದ್ದಳು. ನಿದ್ದೆಯಿಂದ ಎದ್ದವಳ ಕೆನ್ನೆಯ ಮೇಲೆ ಜೋಲಿಯ ಸೀರೆಯ ಗೆರೆ ಇನ್ನೂ ಇತ್ತು.

ಶಾಲೆ ಬೇಗ ಬಿಟ್ಟಿತು ಎಂದೆ. ಚಾಚಿ ಮಗುವಿನ ಬಾಯಿ ಒರೆಸಿ, ನನ್ನ ಬೆವರಿದ ಮುಖವನ್ನು ಒಂದು ಸಲ ನೋಡಿದರು.

“ಇವತ್ತು ನಮ್ ಮೇಜಿಗಿ ಒಬ್ಬಾಕಿ ಬಂದಿದ್ಳು. ಎಲಿ ನೋಡ್ಲಾರದೇ ಚೆಲ್ಲತಿದ್ಳು. ಬರೇ ನನ್ ಕಡೀನೇ ನೋಡ್ಕೋತ ಕುಂತಂಗಿತ್ತು. ಕೂಸು ಎದ್ದು ಅತ್ತಿತು, ನಾ ಎದ್ದೆ. ಆಕಿ ನೀ ಏನು?”

“ಹೌದ್ರಿ ಚಾಚಿ.”

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟರು.

“ನಾಳಿಂದ ಕೂಸಿನ ತರಬ್ಯಾಡ.”

ಮನೆಗೆ ಬಂದು ಅತ್ತುಬಿಟ್ಟೆ. ಶುಕ್ರವಾರ, ಶನಿವಾರ ರಜೆ ಕೇಳಿದಾಗ ಹೆಡ್‌ಮಾಸ್ತರರು, ಸೋಮವಾರ ಬರಲಿಲ್ಲ ಅಂದರೆ ಬರುವುದೇ ಬೇಡ ಎಂದರು. ಕೆಲಸ ಹೋಯಿತೆಂದೇ ಲೆಕ್ಕ. ಶರಣಕುಮಾರ ಸಮಾಧಾನ ಮಾಡುವುದು ಬಿಟ್ಟು ನಗತೊಡಗಿದ. ಇಮಾಮ್ಬೀ ಎಂಬ ಇನ್ನೊಬ್ಬ ಬಳೆಗಾರ್ತಿ ಬಳೆ ಇಟ್ಟರೆ ಅವನ ತಾಯಿಯ ಕೈ ಕೆಂಪಾಗುತ್ತಿತ್ತಂತೆ, ಹಮೀದಾಚಾಚಿ ಇಟ್ಟರೆ ಇಟ್ಟದ್ದೇ ಗೊತ್ತಾಗುತ್ತಿರಲಿಲ್ಲವಂತೆ. “ಅಂಥಾಕಿಗಿ ನೀ ಪರೀಕ್ಷಾ ಇಟ್ಟಿ. ಸೂಪರ್‌ವೈಸರ್ ಬ್ಯಾರೆ ನೀನೇ” ಎಂದ.

ಶನಿವಾರ ಸಂಜೆ ಮಗುವನ್ನು ಎತ್ತಿಕೊಂಡು ಎದುರು ಮನೆಗೆ ಹೋದೆ. ತಪ್ಪಾಯಿತು ಎಂದು ಹೇಳಲು ಮೊದಲೇ ನಾಲ್ಕು ವಾಕ್ಯ ಜೋಡಿಸಿಕೊಂಡಿದ್ದೆ. ಚಾಚಿ ಕೈ ಮಾಡಿ ಕೂರಿಸಿದರು. ಮೊಬೈಲಿನಲ್ಲಿ ಒಂದು ಮೇಜನ್ನು ನೋಡುತ್ತಿದ್ದರು, ಕೂತಿರಲಿಲ್ಲ. ಒಬ್ಬ ಸೋತು ಎದ್ದು ಹೋದ. ಇನ್ನೊಬ್ಬ ಹೊಸದಾಗಿ ಬಂದು ಕೂತು, ಹತ್ತು ಬಿಲ್ಲೆ ಇಡುವ ಕಡೆ ಎರಡೇ ಇಟ್ಟ. ಚಾಚಿ ಆ ಮೇಜನ್ನು ಬಿಟ್ಟುಬಿಟ್ಟರು.

ಯಾಕೆ, ಅವನನ್ನು ಗೆಲ್ಲುವುದು ಸುಲಭವಲ್ಲವೇ ಎಂದು ಕೇಳಿದೆ.

“ಅಂವ ಅಂಜ್ಯಾನ. ಅಂಜಿದೋರ ಮುಂದ ಕುಂತು ಗೆದ್ರ ಅದೇನ್ ಮಜಾ?” ಎಂದವರು ಮೊಬೈಲನ್ನು ಬೋರಲು ಹಾಕಿದರು. “ನೋಡು ಬೇಟಾ, ಬರೇ ಬಿಲ್ಲಿ ಆಟ ಇದು. ಇದಕ್ಕೇ ನಾ ಇಷ್ಟ್ ಹೊತ್ತು ನೋಡ್ತೀನಿ. ನೀ ಕೂಸಿನ ಬಿಟ್ಟಿ. ನನ್ ಮನ್ಯಾಗ ಒಂದ್ ತಾಸರೆ ಕುಂತು ನೋಡೀಯೇನು? ಬಾಗಿಲದಾಗ ಕೊಟ್ಟಿ, ಹೋದಿ. ಆಮ್ಯಾಲ ಕಳ್ಳರಂಗ ನೋಡ್ಲಿಕತ್ತಿ. ನಾಳಿ ಐತವಾರ. ಬಾ, ಕುಂದ್ರು, ಎದುರಿಗೇ ನೋಡು. ನೋಡಿ ಮನಸಿಗಿ ಬಂದ್ರ ಬಿಡು, ಇಲ್ಲಂದ್ರ ಇಲ್ಲ.”

ಜೋಡಿಸಿಕೊಂಡಿದ್ದ ನಾಲ್ಕು ವಾಕ್ಯಗಳನ್ನು ಅಲ್ಲೇ ಬಿಟ್ಟೆ. ಹೂಂ ಎಂದೆ.

ಭಾನುವಾರ ಎಂಟಕ್ಕೇ ಹೋಗಿ ಗೋಡೆಗೆ ಒರಗಿ ಕೂತೆ. ಚಾಚಿ ನನಗೆ ಚಹಾ ಕೊಟ್ಟದ್ದು ಬಿಟ್ಟರೆ ಆಮೇಲೆ ನಾನು ಅಲ್ಲಿದ್ದೇನೆ ಎಂಬುದನ್ನೇ ಮರೆತವರಂತೆ ಇದ್ದರು. ಮೊದಲು ಕಸ ಹೊಡೆದು, ಫರ್ಸಿಯ ಸಂದಿಗಳಲ್ಲಿ ಬೆರಳಾಡಿಸಿ ನೋಡಿದರು. ಆಮೇಲೆ ಮಗುವನ್ನು ಕೆಳಗೆ ಬಿಟ್ಟರು. ಅನ್ನವನ್ನು ಹಿಸುಕಿ, ತಮ್ಮ ತುಟಿಗೆ ತಾಗಿಸಿ ಬಿಸಿ ನೋಡಿದರು. ದಾನು ಉಗುಳಿದ್ದನ್ನು ನೋಡಿ ಬೈಯಲಿಲ್ಲ, ‘ಉಪ್ಪಾಗ್ಯಾದೇನವ್ವಾ’ ಎಂದು ಅವಳನ್ನೇ ಕೇಳಿದರು. ಜೋಲಿ ಕಟ್ಟಿ ಮಲಗಿಸಿದ ಮೇಲೆ ಪಕ್ಕದಲ್ಲೇ ಕೂತು, ಒಂದು ಕೈಯಲ್ಲಿ ಜೋಲಿಯ ಹಗ್ಗ, ಇನ್ನೊಂದರಲ್ಲಿ ಮೊಬೈಲು ಹಿಡಿದರು. ಓಹೋ, ಹೀಗೋ ಎಂದುಕೊಂಡೆ. ಹಗ್ಗ ಹೋಗುತ್ತಿತ್ತು, ಬರುತ್ತಿತ್ತು.

ಎಚ್ಚರವಾದಾಗ ಬಿಸಿಲು ಬಾಗಿಲಿನ ಆಚೆ ಸರಿದಿತ್ತು. ನನ್ನ ಮೇಲೆ ಯಾರೋ ದುಪ್ಪಟಿ ಹೊದಿಸಿದ್ದರು. ಒಂಬತ್ತು ತಿಂಗಳಲ್ಲಿ ನಾನು ಒಂದೇ ಸಮನೆ ಅಷ್ಟು ಹೊತ್ತು ಮಲಗಿದ್ದಿಲ್ಲ. ದಾನು ನನ್ನ ಕಾಲಿನ ಮೇಲೆ ಹತ್ತಿ ಇಳಿಯುವ ಆಟದಲ್ಲಿದ್ದಳು.

“ಎಷ್ಟ್ ನೋಡಿದಿ?” ಎಂದು ಚಾಚಿ ಕೇಳಿದರು.

“ಜೋಲಿ ಕಟ್ಟೋ ತನಕ ನೋಡ್ದೆರಿ.”

“ಸಾಕು. ನಿನಗ ನಿದ್ದಿ ಬರೋ ಮನಿ ಇದು” ಎಂದು ಈಗ ನಕ್ಕರು, ಹೊಟ್ಟೆ ಕುಲುಕುವ ಹಾಗೆ.

ಸೋಮವಾರ ಮೊದಲ ಪಿರಿಯಡ್‌ಗೆ ಸರಿಯಾಗಿ ಶಾಲೆಯಲ್ಲಿದ್ದೆ. ಊಟದ ಬಿಡುವಿನಲ್ಲಿ ಒಂದು ಸಲ ಫೋನ್ ಮಾಡಿದೆ. ಚಾಚಿ ಎತ್ತಲಿಲ್ಲ. ಡಬ್ಬಿ ಬಿಚ್ಚಿ ಊಟ ಮಾಡಿದೆ.