ಉಳ್ಳಾಗಡ್ಡಿ ಹಿಡಿದು ಡಚ್ಚರ ಪಾಠ ಕಲಿಸಿದವರು

ಅವರ ಬಲಗೈ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಧಾರವಾಡದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸುತ್ತ, ಡಸ್ಟರ್ ಮುಟ್ಟದೆ ಬೋರ್ಡನ್ನು ಕೈಯಿಂದಲೇ ಒರೆಸಿ ಒರೆಸಿ ಸವೆದಿದ್ದವು. ಗ್ರೀನ್ ಕಾರ್ಡಿಗೆ ಬೆರಳಚ್ಚು ಕೊಡಲು ಹೋದಾಗ ಮೂರು ಸಲ ಮಸಿ ಹಚ್ಚಿದರೂ ಬರೀ ಕರಿ ಕಲೆ ಮೂಡಿತಂತೆ. “ನಾ ಯಾರು ಅಂತ ಅಮೆರಿಕಾಕ್ಕ ತಿಳೀವಲ್ದು ನೋಡ ತಂಗಿ,” ಎಂದು ನಕ್ಕಿದ್ದರು.

ಅಮೆರಿಕಾದ ಶ್ಯಾಂಟಿಲಿ ಊರಿನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕೆಳಗಿನ ಮನೆ ಅವರ ಮಗನದು. ಎಲ್ಲರಿಗೂ ಅವರು ಅಂಕಲ್, ನನಗೆ ಮಾತ್ರ ಸರ್. ನಾನು ಗದಗಿನ ಹತ್ತಿ ಮಿಲ್ಲಿನ ಹಮಾಲನ ಮಗಳು, ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಬಂದವಳು. ಗಂಡನ ವೀಸಾದ ಮೇಲೆ ಬಂದವರು ದುಡಿಯುವಂತಿರಲಿಲ್ಲ, ಓದಬಹುದಿತ್ತು. ಓದಿದೆ. ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಆರ್ಥಿಕ ಇತಿಹಾಸದ ಆ ದಪ್ಪ ಇಂಗ್ಲಿಷ್ ಪುಸ್ತಕಗಳು ನನಗೆ ಅರ್ಥವಾದದ್ದು ಕ್ಲಾಸಿನಲ್ಲಲ್ಲ, ಅವರ ಅಡುಗೆಮನೆಯಲ್ಲಿ.

ಕರಾವಳಿಯ ಬಸರೂರಿಗೆ ಬಂದು ನಮ್ಮ ಅಕ್ಕಿ, ಮೆಣಸು ಹೇರಿಕೊಂಡು ಹೋದ ಡಚ್ಚರ ಕಂಪನಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಮನೆಗೆಲಸದವಳೊಬ್ಬಳೂ ಶೇರು ಹಿಡಿದಿದ್ದಳು ಎಂಬುದನ್ನು ಅವರು ಓಣಿಯ ಸುದ್ದಿಯಂತೆ ಹೇಳುತ್ತಿದ್ದರು. “ಅಕಿಗೆ ಹಡಗರೆ ಇತ್ತು. ಹೊಳ್ಳಿ ಬಂದ್ರ ಮೆಣಸು, ಮುಳುಗಿದ್ರ ನೀರು.” ಆಮೇಲೆ ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ಎತ್ತಿ ನನ್ನ ಮುಂದೆ ಹಿಡಿಯುತ್ತಿದ್ದರು. “ಇದು ಟ್ಯೂಲಿಪ್ ಗಡ್ಡಿ ಅನ್ಕೊ. ಮಣ್ಣಾಗ ಅದ. ನಾ ಹೂವ ಕಂಡಿಲ್ಲ, ನಿನಗ ಮಾರಿದೆ. ನೀ ಕಂಡಿಲ್ಲ, ಇನ್ನೊಬ್ಬಗ ಮಾರಿದಿ. ಡಚ್ಚರು ಇದಕ್ಕ ಗಾಳಿ ವ್ಯಾಪಾರ ಅಂತಿದ್ರು. ಬೆಲೆ ಏರಿ ಏರಿ ಒಂದು ದಿನ ದೊಪ್ಪಂತ ಬಿತ್ತು.” ಪಾಠ ಮುಗಿದ ಮೇಲೆ ಅದೇ ಉಳ್ಳಾಗಡ್ಡಿ ಹೆಚ್ಚಿ ಚುರಮುರಿಗೆ ಹಾಕುತ್ತಿದ್ದರು.

ತೊಂಬತ್ತೊಂಬತ್ತರ ದೀಪಾವಳಿ. ಅವರ ಮಗ, ನನ್ನ ಗಂಡ, ಇನ್ನೂ ನಾಲ್ಕು ಮನೆಯವರು ಸೇರಿ ಇಂಟರ್‌ನೆಟ್ ಕಂಪನಿಯೊಂದರ ಶೇರು ಕೊಂಡಿದ್ದರು. ನನ್ನ ಕಡೆಯ ಎರಡು ಸೆಮಿಸ್ಟರಿನ ಫೀಸೂ ಅದರಲ್ಲಿತ್ತು. ಊರಲ್ಲಿ ಅಂಗಡಿಯವರು ಲಕ್ಷ್ಮೀಪೂಜೆಗೆ ತಕ್ಕಡಿ ಇಡುತ್ತಾರಲ್ಲ, ಹಾಗೆ ಇವರು ಶೇರಿನ ಕಾಗದ ಇಟ್ಟರು. ಪೂಜೆಗಿಟ್ಟ ಲಕ್ಷ್ಮಿಯನ್ನು ಮುಂದಿನ ದೀಪಾವಳಿಯವರೆಗೆ ಮಾರಕೂಡದು ಎಂದು ಒಂದು ನೇಮವನ್ನೂ ಮಾಡಿಕೊಂಡರು. ಹಿರಿಯರೆಂದು ಮಂಗಳಾರತಿ ತಟ್ಟೆಯನ್ನು ಸರ್ ಕೈಗೆ ಕೊಟ್ಟರು.

ಅವರು ತಟ್ಟೆ ಹಿಡಿದು ಕಾಗದವನ್ನೇ ನೋಡಿದರು. “ಇದು ಬೀಳೂದ ಖರೆ. ಮೊದಲ ಮಾರಿದಾಂವ ಉಳೀತಾನ.”

“ಅಯ್ಯೋ, ಪೂಜೆ ಟೈಮಲ್ಲಿ ಎಂಥ ಮಾತು! ಬಿಡ್ತು ಅನ್ನಿ ಅಂಕಲ್,” ಎಂದರು ಶೇರು ಕೊಂಡವರಲ್ಲೊಬ್ಬರಾದ ಮೈಸೂರಿನ ಆಂಟಿ.

“ಬಿಡ್ತು ಅಂದ್ರ ಬೆಲೆ ನಿಂದರತದೇನು?”

“ಅಪ್ಪಾ, ನೀ ಸುಮ್ಮ ಕೂಡು,” ಎಂದ ಮಗ. ಯಾರೋ ಕಿಸಕ್ಕನೆ ನಕ್ಕರು.

ಚಳಿ ಇಳಿಯುತ್ತ ಬಂದಂತೆ ಬೆಲೆ ಏರಿತು. ಸರ್ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. “ಫೀಸಿನಷ್ಟರೆ ಮಾರಿಸಿ ಇಟ್ಕೊ ತಂಗಿ. ಗಂಡಗ ಹೇಳು.”

“ಲಕ್ಷ್ಮೀನ ವರ್ಷದಾಗ ಹೊರಗ ಹಾಕಬಾರದಲ್ರಿ ಸರ್,” ಎಂದೆ.

ಅವರು ಮೆಟ್ಟಿಲ ಕಡೆ ತಿರುಗಿದರು. “ಇಷ್ಟ ಓದಿ ನೀನೂ?” ಎಂದು ಇಳಿದುಹೋದರು.

ಮುಂದಿನ ದೀಪಾವಳಿಗೆ ಆ ಕಾಗದದಲ್ಲಿ ಕಾಗದ ಬಿಟ್ಟರೆ ಏನೂ ಉಳಿದಿರಲಿಲ್ಲ. ಪೂಜೆಗೆ ಎಲ್ಲರೂ ಕೂಡಿದ್ದೆವು. ಮಾರಬಾರದೆಂದು ನೇಮ ಮಾಡಿದವರನ್ನು ಯಾರೂ ಏನೂ ಅನ್ನಲಿಲ್ಲ. “ಹೋದ ವರ್ಷ ಆರತಿ ಹಿಡ್ಕೊಂಡು ಆಡಿದ ಮಾತು. ತಟ್ಟದೆ ಇರುತ್ತಾ?” ಎಂದರು ಆಂಟಿ. ನನ್ನ ಗಂಡ ಹೌದೆಂದು ತಲೆಯಾಡಿಸಿದ. ಮಗ ಅವರ ಮುಂದೆ ಬಂದು ನಿಂತ. “ಅಪ್ಪಾ, ಈಗರೆ ಅನ್ನು. ಬಿಡ್ತು ಅನ್ನು.”

ಸರ್ ಒಬ್ಬೊಬ್ಬರ ಮುಖ ನೋಡುತ್ತ ಬಂದು ನನ್ನಲ್ಲಿ ನಿಂತರು. ಆ ಕೋಣೆಯಲ್ಲಿ ಅವರ ಪಾಠ ಕೇಳಿದವಳು ನಾನೊಬ್ಬಳೇ. ನಾನು ಚಹದ ಕಪ್ಪುಗಳನ್ನು ಜೋಡಿಸತೊಡಗಿದೆ.

“ಬಿಡ್ತು,” ಎಂದರು ಅವರು.

ಚಳಿ ತಡೆಯುವುದಿಲ್ಲ ಎಂದು ನೆಪ ಹೇಳಿ ಮಗ ಆ ತಿಂಗಳೇ ಅವರನ್ನು ಧಾರವಾಡಕ್ಕೆ ಕಳಿಸಿದ. ನಾನು ಫೀಸಿಲ್ಲದೆ ಒಂದು ವರ್ಷ ಮನೆಯಲ್ಲಿ ಕೂತೆ. ಮತ್ತೆ ಕಾಲೇಜಿಗೆ ಹೋಗತೊಡಗಿದ ಮೇಲೆ ಒಂದು ಬೆಳಿಗ್ಗೆ ಕೆಳಗಿನ ಮನೆಯ ಸೊಸೆ ಬಂದು, “ಮಾವನವರು ಹೋದ್ರಂತ್ರಿ,” ಎಂದಳು. ಆ ಎರಡು ವರ್ಷದಲ್ಲಿ ನಾನು ಅವರಿಗೊಂದು ಫೋನು ಮಾಡಿರಲಿಲ್ಲ. ಏನು ಹೇಳಬೇಕೆಂದು ಗೊತ್ತಿತ್ತು, ಅದಕ್ಕೇ ಮಾಡಿರಲಿಲ್ಲ.

ಆ ಸೆಮಿಸ್ಟರಿನ ಪರೀಕ್ಷೆಯಲ್ಲಿ ಟ್ಯೂಲಿಪ್ ಬೆಲೆ ಏಕೆ ಬಿತ್ತು ಎಂಬ ಪ್ರಶ್ನೆ ಬಂತು. ಯಾರ ಮಾತಿನಿಂದಲೂ ಬೀಳಲಿಲ್ಲ, ಒಂದು ದಿನ ಕೊಳ್ಳುವವರು ಬರಲಿಲ್ಲ, ಅಷ್ಟೇ ಎಂದು ಬರೆದೆ. ಪೂರ್ತಿ ಅಂಕ ಕೊಟ್ಟರು.